ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕಳಿಸಿ

ಧರ್ಮದ ವಿಷಯ ಮಾತಾಡುವ ಕಡೆ ನಗಬಾರದು ಅಂತ ಕಟ್ಟಳೆ ಇದ್ದಿದ್ದರೆ ನಮ್ಮ ಉಪನ್ಯಾಸಮಾಲೆ ಮೊದಲ ವರ್ಷವೇ ನಿಂತುಹೋಗುತ್ತಿತ್ತು. ಎಪ್ಪತ್ತರ ದಶಕದ ನಡುವಿನಿಂದ ಹತ್ತು ಹನ್ನೆರಡು ವರ್ಷ ಅದನ್ನು ನಡೆಸಿದೆವು. ವರ್ಷಕ್ಕೆ ಮೂರು ಸಂಜೆ, ಮೂರು ಊರು: ಸಾಗರ, ಹೊಸನಗರ, ತೀರ್ಥಹಳ್ಳಿ. ಮಾಲೆಯ ಹೆಸರು ‘ಧರ್ಮ ಮತ್ತು ಸಮಾಜ’, ಭಾಷಣದ ವಿಷಯ ಒಂದೊಂದು ಸಲ ಒಂದೊಂದು. ಅಧ್ಯಕ್ಷರು ಸಾಗರದ ನಿವೃತ್ತ ಹೆಡ್‌ಮಾಸ್ಟರು, ಕಾರ್ಯದರ್ಶಿ ತೀರ್ಥಹಳ್ಳಿಯ ಒಬ್ಬರು ವಕೀಲರು. ನಾನು ಹೊಸನಗರದ ಹೈಸ್ಕೂಲಿಗೆ ಆಗಷ್ಟೇ ಸೇರಿದ್ದ ಮೇಡಂ. ಆ ಮೂರು ದಿನ ಬಂತೆಂದರೆ ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಹೊರಗಿನಿಂದ ದೊಡ್ಡ ದೊಡ್ಡವರು ಬರುತ್ತಾರೆ, ಸಭೆ ತುಂಬುತ್ತದೆ, ಏನಾದರೊಂದು ಆಗಿಯೇ ಆಗುತ್ತದೆ. ಆದದ್ದರಲ್ಲಿ ಕೆಲವು ಇಲ್ಲಿವೆ.

೧. ಪ್ರಶ್ನೆ ಯಾವುದು?

ಮೊದಲ ವರ್ಷ ಸಾಗರದಲ್ಲಿ ಭಾಷಣ ಮುಗಿದ ಮೇಲೆ ಅಧ್ಯಕ್ಷರು ಯಾರಾದರೂ ಪ್ರಶ್ನೆ ಕೇಳಬಹುದು ಅಂದರು. ಎರಡನೇ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಶಾಲು ಸರಿ ಮಾಡಿಕೊಂಡು ವೇದಕಾಲದಿಂದ ಶುರು ಮಾಡಿದರು. ಬುದ್ಧನ ಹತ್ತಿರ ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ಆಗಿತ್ತು. ಬಸವಣ್ಣನವರನ್ನು ಮುಟ್ಟುವಾಗ ಭಾಷಣಕಾರರು ಗಡಿಯಾರ ನೋಡಿಕೊಳ್ಳತೊಡಗಿದರು, ಅವರಿಗೆ ಶಿವಮೊಗ್ಗದ ಬಸ್ಸು ಹಿಡಿಯಬೇಕಿತ್ತು. ನಲವತ್ತು ನಿಮಿಷ ಕಾದ ಮೇಲೆ ಅಧ್ಯಕ್ಷರು ತಡೆಯಲಾರದೆ, ‘ಸ್ವಾಮಿ, ತಮ್ಮ ಪ್ರಶ್ನೆ ಯಾವುದು?’ ಅಂತ ಕೇಳಿದರು.

ಹಿರಿಯರಿಗೆ ಆಶ್ಚರ್ಯವಾಯಿತು. ‘ಪ್ರಶ್ನೆ ಏನಿಲ್ಲಪ್ಪ. ಇವರು ಹೇಳಿದ್ದೆಲ್ಲ ಸರಿಯಾಗಿದೆ ಅಂತ ಹೇಳೋಕೆ ಎದ್ದೆ.’

ಮಾರನೇ ದಿನದಿಂದ ಚೀಟಿ ಪದ್ಧತಿ ಬಂತು. ಪ್ರಶ್ನೆಯನ್ನು ಬರೆದು ಕಳಿಸಬೇಕು, ನಾನು ಮೈಕಿನಲ್ಲಿ ಓದಬೇಕು. ಇದರಿಂದ ಗಲಾಟೆ ಕಮ್ಮಿಯಾಗುತ್ತದೆ ಅಂತ ವಕೀಲರು ನಂಬಿದ್ದರು.

೨. ಒಂದು ಅಕ್ಷರ

ಒಂದು ವರ್ಷ ಸಾಗರದ ಸಭೆಗೆ ಜನವೋ ಜನ. ಹೊನ್ನೆಮರಡಿನ ಕಡೆಯಿಂದಲೂ ಗುಂಪು ಗುಂಪಾಗಿ ಬಂದಿದ್ದರು. ನಮ್ಮ ಮಾಲೆ ಕೊನೆಗೂ ಹಳ್ಳಿ ಮುಟ್ಟಿತು ಅಂತ ಅಧ್ಯಕ್ಷರ ಕಣ್ಣಲ್ಲಿ ನೀರು ಬಂತು. ಆದರೆ ಬಂದವರಲ್ಲಿ ಸುಮಾರು ಜನ ಪಂಚೆ ಮೊಣಕಾಲಿನ ಮೇಲೆ ಎತ್ತಿಕೊಂಡೇ ಕೂತಿದ್ದರು. ಒಬ್ಬರು ಅಂಗಿ ತೋಳು ಮಡಚಿ ಭಾಷಣಕಾರರ ಕಡೆಗೇ ಕೈ ಚಾಚಿದ್ದರು.

ನಾನು ಕೈಚೀಲದಿಂದ ಕರಪತ್ರ ತೆಗೆದು ನೋಡಿದೆ. ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವಾಗ ಒಂದು ಅಕ್ಷರ ತಪ್ಪಿತ್ತು. ‘ಚರ್ಮ ಮತ್ತು ಸಮಾಜ. ತಜ್ಞರಿಂದ ವಿಶೇಷ ಉಪನ್ಯಾಸ. ಎಲ್ಲರಿಗೂ ಉಚಿತ.’

ವಿಷಯ ತಿಳಿಸಿದರೂ ಯಾರೂ ಎದ್ದು ಹೋಗಲಿಲ್ಲ, ಪೂರ್ತಿ ಕೇಳಿದರು. ಕೊನೆಗೆ ಬಾಗಿಲಲ್ಲಿ ನಿಂತು ನಾನು ಕ್ಷಮೆ ಕೇಳುತ್ತಿದ್ದಾಗ ಹೊನ್ನೆಮರಡಿನ ಮುದುಕರೊಬ್ಬರು ಸಮಾಧಾನ ಹೇಳಿದರು: ‘ಅಡ್ಡಿಲ್ಲ ಮಗ. ತುರಿಕೆ ಹೋಗ್ಲಿಲ್ಲ ಖರೆ. ಆದ್ರೆ ಎರಡು ತಾಸು ಕೆರ್ಕೊಳ್ಳೋದು ಮರ್ತಿದ್ದೆ.’

೩. ಸಿಕ್ಕರೆ

ಚೀಟಿಯನ್ನು ಮೊದಲೇ ಕಣ್ಣಾಡಿಸಿ ನಂತರ ಓದಬೇಕು ಅನ್ನುವ ಬುದ್ಧಿ ನನಗೆ ಕಡೇವರೆಗೂ ಬರಲಿಲ್ಲ. ಚೀಟಿ ಕೈಗೆ ಬಂದರೆ ಸಾಕು, ಉತ್ಸಾಹದಲ್ಲಿ ಗಟ್ಟಿಯಾಗಿ ಓದಿಬಿಡುತ್ತಿದ್ದೆ. ತೀರ್ಥಹಳ್ಳಿಯಲ್ಲಿ ಒಮ್ಮೆ ವಯಸ್ಸಾದ ವಿದ್ವಾಂಸರೊಬ್ಬರು ಗೃಹಸ್ಥಧರ್ಮದ ಬಗ್ಗೆ ಮಾತಾಡಿದ್ದರು. ಹೆಂಗಸರ ಕಡೆಯಿಂದ ಬಂದ ಚೀಟಿ ಬಿಚ್ಚಿ ಓದಿದೆ: ‘ಕೊತ್ತಂಬರಿ ಬೀಜ ಕಾಲು ಕೆಜಿ. ಬೆಲ್ಲ ಎರಡು ಅಚ್ಚು. ಸೀಗೆಪುಡಿ. ಸೀಮೆಎಣ್ಣೆ, ಸಿಕ್ಕರೆ.’

ಪ್ರಶ್ನೆ ಇದ್ದದ್ದು ಇನ್ನೊಂದು ಬದಿಗೆ. ಮಗುಚಿ ಓದೋಣ ಅನ್ನುವಷ್ಟರಲ್ಲಿ ವಿದ್ವಾಂಸರು ಕೈ ಎತ್ತಿ ನನ್ನನ್ನು ತಡೆದರು. ಕಣ್ಣು ಮುಚ್ಚಿಕೊಂಡರು. ಆಮೇಲೆ, ಈ ಪ್ರಶ್ನೆ ಕಳಿಸಿದ ತಾಯಿ ಸಾಮಾನ್ಯರಲ್ಲ, ‘ಸಿಕ್ಕರೆ’ ಅನ್ನುವ ಆ ಒಂದು ಮಾತಿನಲ್ಲಿ ಫಲಾಪೇಕ್ಷೆ ಇಲ್ಲದ ಕರ್ಮದ ಸಾರವೆಲ್ಲ ಇದೆ ಅಂತ ಹದಿನೈದು ನಿಮಿಷ ವಿವರಿಸಿದರು. ಅಷ್ಟು ಚೆನ್ನಾದ ಮಾತನ್ನು ಆ ವರ್ಷ ನಾವು ಕೇಳಿರಲಿಲ್ಲ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಚಪ್ಪಾಳೆಯ ನಡುವೆ ಒಬ್ಬ ಹೆಂಗಸು ನನ್ನ ಹತ್ತಿರ ಬಂದು ಸೆರಗು ಹೊದ್ದು ಪಿಸುಗುಟ್ಟಿದರು. ‘ಮೇಡಂ, ಚೀಟಿ ವಾಪಸ್ ಕೊಡ್ತ್ರಾ? ಅಂಗಡಿ ಮುಚ್ಚಿಬಿಡ್ತಾರೆ.’

೪. ಹಸಿರು ಶಾಯಿ

ಇದು ಮಾತ್ರ ಮೊದಲಿಗೆ ನಗುವ ಸಂಗತಿಯಾಗಿರಲಿಲ್ಲ. ಉಳುವವನಿಗೆ ಭೂಮಿ ಅಂತ ಕಾನೂನು ಬಂದು ಸುತ್ತಲಿನ ಊರುಗಳಲ್ಲಿ ಒಡೆಯರೂ ಗೇಣಿದಾರರೂ ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದ ಕಾಲ. ಆ ವರ್ಷ ತೀರ್ಥಹಳ್ಳಿಯ ಭಾಷಣ ‘ಭೂಮಿ ಮತ್ತು ಧರ್ಮ’. ಸಭೆಯಲ್ಲಿ ಎರಡೂ ಕಡೆಯವರು ಇದ್ದರು. ವಕೀಲರು ಬೆವರು ಒರೆಸಿಕೊಳ್ಳುತ್ತ, ಬಾಗಿಲ ಹತ್ತಿರ ಒಬ್ಬ ಕಾನ್‌ಸ್ಟೇಬಲ್ಲನ್ನೂ ನಿಲ್ಲಿಸಿದ್ದರು.

ಮೊದಲ ಚೀಟಿ ಓದಿದೆ: ‘ತಲೆತಲಾಂತರದ ಭೂಮಿಯನ್ನು ಅರ್ಜಿ ಹಾಕಿ ಕಿತ್ತುಕೊಂಡದ್ದು ಧರ್ಮವೇ?’ ಒಂದು ಕಡೆ ಗುಜುಗುಜು ಎದ್ದಿತು. ಎರಡನೆಯದು: ‘ತಲೆತಲಾಂತರ ಕೂತಲ್ಲೇ ಗೇಣಿ ತಿಂದದ್ದು ಧರ್ಮವೇ?’ ಇನ್ನೊಂದು ಕಡೆ ಬೆಂಚು ಸರಿದ ಸದ್ದಾಯಿತು. ವಕೀಲರು ಎರಡೂ ಚೀಟಿ ಕಿತ್ತುಕೊಂಡು ಪಕ್ಕಪಕ್ಕ ಹಿಡಿದರು. ಅದೇ ಕೈಬರಹ, ಅದೇ ಹಸಿರು ಶಾಯಿ. ಜಗಳ ಹಚ್ಚಲು ಯಾರೋ ಒಬ್ಬನೇ ಮಾಡಿದ ಕಿತಾಪತಿ ಅಂತ ಅವರಿಗೆ ಖಾತ್ರಿಯಾಯಿತು. ಬರೆದವರು ಯಾರು, ಎದ್ದು ನಿಲ್ಲಿ ಅಂದರು.

ಹಿಂದಿನಿಂದ ಬಿಳಿ ಜುಬ್ಬದ ಯಜಮಾನರು ಎದ್ದರು. ‘ಎರಡೂ ನಾನೇ ಬರೆದದ್ದು. ಒಂದು ನಂದು. ಇನ್ನೊಂದು ಇವಂದು. ನಮ್ಮ ಗೇಣಿದಾರ ಆಗಿದ್ದ. ಇವನಿಗೆ ಬರೆಯೋಕೆ ಬರೋದಿಲ್ಲ, ಬರ್ಕೊಡಿ ಅಂದ.’

ಪಕ್ಕದಲ್ಲಿ ಕೂತಿದ್ದ ಮುದುಕರು ನಿಧಾನಕ್ಕೆ ಎದ್ದರು. ‘ನಾ ಹೇಳಿದ್ದು ಇನ್ನೂ ಜೋರಿತ್ತು. ಒಡೇರು ಅರ್ಧ ಬಿಟ್ಟು ಬರ್ದಾರೆ.’

ನಕ್ಕವರಲ್ಲಿ ಒಡೆಯರ ಕಡೆಯವರು ಯಾರು, ಗೇಣಿದಾರರ ಕಡೆಯವರು ಯಾರು ಅಂತ ಕಾನ್‌ಸ್ಟೇಬಲ್ಲಿಗೂ ಗೊತ್ತಾಗಲಿಲ್ಲ.

೫. ಮಂಡಗದ್ದೆಯಿಂದ ಬಂದವರು

ಎಲ್ಲಕ್ಕಿಂತ ದೊಡ್ಡ ಫಜೀತಿ ನನ್ನದೇ.

ನನಗೆ ಮದುವೆ ಆಗಿಲ್ಲ ಅಂತ ಅಮ್ಮ ಊಟ ಬಿಡುವ ಹಂತಕ್ಕೆ ಬಂದಿದ್ದ ವರ್ಷ ಅದು. ಹೊಸನಗರದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಅಪ್ಪ ಒಂದು ಗಂಡು ಗೊತ್ತು ಮಾಡಿದರು. ಮಂಡಗದ್ದೆಯವರು, ಓವರ್‌ಸಿಯರ್. ನೋಡಲು ಬರುವ ದಿನ ಮಾತ್ರ ಸರಿಯಾಗಿ ನಮ್ಮ ಊರಿನ ಭಾಷಣದ ದಿನವೇ ಬಿತ್ತು. ವಿಷಯ ‘ಮದುವೆ, ವರದಕ್ಷಿಣೆ ಮತ್ತು ಧರ್ಮ’. ಅದನ್ನು ಬಿಟ್ಟು ಕಾಫಿ ತಟ್ಟೆ ಹಿಡಿಯಬೇಕಲ್ಲ ಅಂತ ನಾನು ಬೆಳಿಗ್ಗೆಯಿಂದ ಸಿಡುಕುತ್ತಿದ್ದೆ.

ಭಾಷಣಕಾರರು ಶಿವಮೊಗ್ಗದ ಕಾಲೇಜಿನವರು. ಅವರು ಹತ್ತಿದ ಬಸ್ಸಿಗೇ ಮಂಡಗದ್ದೆಯಲ್ಲಿ ಗಂಡೂ ಹತ್ತಿದ್ದರು. ಜೊತೆಗೆ ಬರಬೇಕಿದ್ದ ದೊಡ್ಡಪ್ಪನಿಗೆ ಜ್ವರ ಬಂದು ಒಬ್ಬರೇ ಹೊರಟಿದ್ದರು. ನಾಲ್ಕು ಗಂಟೆಗೆ ಹೊಸನಗರದಲ್ಲಿ ಕನ್ನಡಕದ ಇಬ್ಬರು ಇಳಿದರು. ಒಬ್ಬರ ಕೈಯಲ್ಲಿ ಫೈಲು ಇತ್ತು, ಇನ್ನೊಬ್ಬರು ಬರಿಗೈ. ಫೈಲು ಇದ್ದವರೇ ಭಾಷಣಕಾರರು ಅಂತ ತೀರ್ಮಾನಿಸಿ ವಕೀಲರು ಹಾರ ಹಾಕಿ ಕರೆದುಕೊಂಡು ಹೋದರು. ಆ ಫೈಲಿನಲ್ಲಿ ಇದ್ದದ್ದು ಜಾತಕ. ಉಳಿದವರನ್ನು ಅಪ್ಪ ಮನೆಗೆ ಕರೆತಂದರು.

ನಾನು ಅಡುಗೆಮನೆಯಲ್ಲಿದ್ದೆ. ಹೊರಗಿನ ಮಾತು ಕೇಳುತ್ತಿತ್ತು. ಉಪಚಾರ ಮುಗಿದ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡು, ತಮ್ಮ ಅಪೇಕ್ಷೆ ಏನು, ಸಂಕೋಚ ಇಲ್ಲದೆ ಹೇಳಿ ಅಂದರು.

‘ನನಗೇನು ಸಾರ್, ಒಂದು ಮೇಜು, ಒಂದು ಲೋಟ ನೀರು. ಅಷ್ಟು ಸಾಕು,’ ಅಂದರು ಬಂದವರು.

ಚಿನ್ನ, ಸ್ಕೂಟರು ಅಂತ ಹೆದರಿಕೊಂಡಿದ್ದ ಅಪ್ಪ ಒಳಗೆ ಓಡಿ ಬಂದು, ಬರೀ ಮೇಜು ಕೇಳ್ತಿದಾರೆ ಅಂತ ಅಮ್ಮನಿಗೆ ಹೇಳಿ ಮತ್ತೆ ಹೊರಗೆ ಓಡಿದರು. ಜನ ಎಷ್ಟು ಸೇರಬಹುದು ಅಂತ ಬಂದವರು ಕೇಳಿದರು. ನಮ್ಮ ಕಡೆಯವರೇ ಮುನ್ನೂರು ಆಗ್ತಾರೆ, ಊಟ ಹಾಕದೆ ಒಬ್ಬರನ್ನೂ ಕಳಿಸೋದಿಲ್ಲ ಅಂದರು ಅಪ್ಪ. ಭಾಷಣಕಾರರಿಗೆ ಹೊಸನಗರದ ಬಗ್ಗೆ ಗೌರವ ಬಂದಿರಬೇಕು.

‘ಹಾಗಾದ್ರೆ ಯಾವಾಗ ಇಟ್ಕೊಳ್ಳೋಣ?’ ಅಂದರು ಅಪ್ಪ.

‘ಇವತ್ತೇ ಅಲ್ವಾ? ಐದೂವರೆಗೆ.’

ಅಪ್ಪನ ಕೈಯಿಂದ ಎಲೆ ಅಡಿಕೆ ತಟ್ಟೆ ಬಿತ್ತು. ಐದೂವರೆ ಅಂದಕೂಡಲೇ ನನಗೆ ಎಲ್ಲ ಹೊಳೆಯಿತು. ಕಾಫಿ ಬಿಟ್ಟು ಹೊರಗೆ ಬಂದು, ನೀವು ಭಾಷಣಕ್ಕೆ ಬಂದವರಾ ಅಂತ ಕೇಳಿದೆ. ಜರಿ ಸೀರೆ ನೋಡಿ, ಅಪ್ಪನ ಮುಖ ನೋಡಿ, ಅವರಿಗೂ ಅರ್ಥವಾಯಿತು. ಎದ್ದು ನಿಂತು ಕೈ ಮುಗಿದರು. ‘ನನಗೆ ಮದುವೆ ಆಗಿದೆಯಮ್ಮ, ಇಬ್ಬರು ಮಕ್ಕಳು.’

ಅವರು, ನಾನು, ಅಪ್ಪ, ಹಿಂದಿನಿಂದ ಅಮ್ಮ, ನಾಲ್ಕೂ ಜನ ಪೇಟೆಯಲ್ಲೇ ಓಡಿದೆವು. ಸಭೆ ಶುರುವಾಗಿತ್ತು. ಎಂಟು ಗ್ರಂಥ ಬರೆದ ಮಹನೀಯರು ಅಂತ ವಕೀಲರು ಪರಿಚಯ ಮುಗಿಸುತ್ತಿದ್ದರು. ಹಾರ ಹಾಕಿಕೊಂಡ ಮಹನೀಯರು ಮೈಕಿನ ಮುಂದೆ ಬಂದು ನಿಂತರು. ಅವರ ಕಿವಿ ಕೆಂಪಗಾಗಿತ್ತು.

‘ನಾನು ಗ್ರಂಥ ಬರೆದವನಲ್ಲ. ಹುಡುಗಿ ನೋಡೋಕೆ ಬಂದವನು. ಇಷ್ಟು ಜನ ಇರ್ತಾರೆ ಅಂತ ಗೊತ್ತಿರಲಿಲ್ಲ.’

ಸಭೆ ಬಿದ್ದು ಬಿದ್ದು ನಕ್ಕಿತು. ಸಿಟ್ಟಾಗಿ ಹೊರಟುಹೋಗುತ್ತಾರೆ, ಮುಗಿಯಿತು ನನ್ನ ಕಥೆ ಅಂದುಕೊಂಡೆ. ಅವರು ತಾವೂ ನಕ್ಕರು. ಹಾರ ತೆಗೆದು ನಿಜವಾದ ಭಾಷಣಕಾರರ ಕೊರಳಿಗೆ ಹಾಕಿ, ಕೆಳಗಿಳಿದು ಮೊದಲ ಸಾಲಿನಲ್ಲಿ ಕೂತು ಒಂದು ಗಂಟೆ ಭಾಷಣ ಕೇಳಿದರು. ನಾನು ಜರಿ ಸೀರೆಯಲ್ಲೇ ಚೀಟಿಯ ಮೇಜಿಗೆ ಹೋದೆ. ಅಪ್ಪ ಅವರ ಪಕ್ಕ ಕೂತು, ಕಿವಿಯಲ್ಲಿ ಏನೋ ಹೇಳಿ ನನ್ನ ಕಡೆ ಕೈ ತೋರಿಸಿದರು. ಅವರು ನನ್ನನ್ನು ನೋಡುತ್ತಿದ್ದರೋ ಭಾಷಣಕಾರರನ್ನೋ ಅಂತ ನೋಡಲು ನನಗೆ ಧೈರ್ಯ ಬರಲಿಲ್ಲ.

ಚೀಟಿಗಳು ಬಂದವು. ಒಂದು, ಎರಡು ಓದಿದೆ. ಮೂರನೆಯದನ್ನೂ ಅದೇ ವೇಗದಲ್ಲಿ ಓದಿಬಿಟ್ಟೆ: ‘ನನಗೆ ವರದಕ್ಷಿಣೆ ಬೇಡ. ಈ ಚೀಟಿ ಓದುತ್ತಿರುವವರಿಗೆ ನಾನು ಒಪ್ಪಿಗೆಯೇ?’

ಓದಿ ಮುಗಿದ ಮೇಲೆ ನನಗೆ ಅರ್ಥವಾಯಿತು. ಸಭೆಗೆ ನನಗಿಂತ ಮೊದಲೇ ಆಗಿತ್ತು. ಭಾಷಣಕಾರರು ಮೈಕ್ ಎಳೆದುಕೊಂಡು, ಎಂಟು ವರ್ಷದಿಂದ ಇದೇ ಭಾಷಣ ಮಾಡ್ತಿದೀನಿ, ಕೂತಲ್ಲೇ ಜಾರಿಗೆ ತಂದವರು ಇವರೊಬ್ಬರೇ ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ರೂಢಿಯ ಮಾತೇ ಬಾಯಿಗೆ ಬಂತು. ಪ್ರಶ್ನೆ ಕಳಿಸಿದವರು ದಯವಿಟ್ಟು ಎದ್ದು ನಿಂತು ಹೆಸರು ಹೇಳಬೇಕು ಅಂದೆ.

ಅವರು ಎದ್ದರು. ಹೆಸರು ಹೇಳಿದರು. ತಂದೆಯ ಹೆಸರು, ಊರು, ನಕ್ಷತ್ರ, ಕೆಲಸ ಖಾಯಮ್ಮಾಗಿದೆ ಅನ್ನುವುದನ್ನೂ ಹೇಳಿದರು. ಚಪ್ಪಾಳೆ ನಿಂತ ಕೂಡಲೇ ಹೆಂಗಸರ ಸಾಲಿನಿಂದ, ಹುಟ್ಟಿದಾರಭ್ಯ ಯಾವ ಸಭೆಯಲ್ಲೂ ಬಾಯಿ ಬಿಡದಿದ್ದ ನಮ್ಮಮ್ಮನ ದನಿ ಕೇಳಿತು: ‘ಬೀಡಿ ಸಿಗರೇಟು ಸೇದ್ತಾರಾ ಕೇಳೇ.’

ನಾನು ಬಾಯಿ ತೆರೆಯುವ ಮೊದಲೇ ಅವರು ಅತ್ತ ತಿರುಗಿ ಕೈ ಮುಗಿದರು.

‘ಇಲ್ಲ ಅತ್ತೆ.’