ಗೊಂಬೆ ಫೋಟೋ ತೆರೆಯುವಷ್ಟರಲ್ಲಿ

ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟೂ ಬರುತ್ತಿದ್ದ ಕಾಲದಲ್ಲಿ ಒಂದು ಫೋಟೋ ಊರಿಂದ ಊರಿಗೆ ಹೋಗಬೇಕಾದರೆ ದಾರಿಯಲ್ಲಿ ಏನಾದರೊಂದು ಆಗಿಯೇ ತೀರುತ್ತಿತ್ತು. ಏನೂ ಆಗದೆ ತಲುಪಿದ ಫೋಟೋ ನನಗಂತೂ ನೆನಪಿಲ್ಲ. ಮದ್ರಾಸಿನ ಕನ್ನಡದವರೆಲ್ಲ ಸೇರಿ ನೆಟ್ಟಿನಲ್ಲಿ ಒಂದು ಫೋರಂ ಮಾಡಿಕೊಂಡಿದ್ದೆವು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವ ಹರಟೆಕಟ್ಟೆ ಅದು. ಅದನ್ನು ನೋಡಿಕೊಳ್ಳುವ ಕೆಲಸ ಹೇಗೋ ನನ್ನ ಕೊರಳಿಗೆ ಬಿತ್ತು. ನಾನು ಮಾಡಿದ್ದು ಒಂದೇ ಕಾನೂನು: ಫೋಟೋ ಐವತ್ತು ಕೆಬಿ ದಾಟಬಾರದು. ದಾಟಿತೋ, ಎಲ್ಲರ ಕಂಪ್ಯೂಟರೂ ಮುಷ್ಕರ ಹೂಡುತ್ತಿತ್ತು.

ಆ ವರ್ಷ ಎಲ್ಲರೂ ದಸರಾ ಗೊಂಬೆ ಫೋಟೋ ಹಾಕೋಣ ಅಂತ ಹೊರಟರು. ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲಿ ಇದು ಬರೀ ಮೋಜಿನ ವಿಷಯವಾಗಿರಲಿಲ್ಲ. ನಮ್ಮತ್ತೆಯ ಅಕ್ಕ ಹಾಸನದಲ್ಲಿದ್ದರು. ಪ್ರತಿ ದಸರೆಗೂ ಬಂದು, ಗೊಂಬೆ ಮುಂದೆ ಚಕ್ಕಂಬಟ್ಟಲು ಹಾಕಿ ಕೂತು, ಒಂದೊಂದೇ ತಪ್ಪು ಎತ್ತಿ ಹೇಳಿ, ಊಟ ಮಾಡಿ ಹೊರಡುತ್ತಿದ್ದರು. ಒಂದು ಸಲವೂ "ಚೆನ್ನಾಗಿದೆ" ಅಂದವರಲ್ಲ. ಆ ಸಲ ಅವರ ಕಾಲು ಮುರಿದಿತ್ತು, ಬರುವ ಹಾಗಿರಲಿಲ್ಲ. ಆದರೆ ಅವರ ಮನೆಯಲ್ಲೂ ಕಂಪ್ಯೂಟರು, ನೆಟ್ಟು ಇದ್ದವು.

"ಫೋಟೋ ನೋಡಿಯಾದ್ರೂ ಅಕ್ಕ ಒಂದ್ಸಲ ಚೆನ್ನಾಗಿದೆ ಅನ್ಲಿ ಕಣೇ. ನನಗಷ್ಟು ಸಾಕು," ಅಂದರು ಅತ್ತೆ. ಪಾಪ ಅನ್ನಿಸಿತು. ಅದರ ಜೊತೆಗೆ, ಫೋಟೋ ನೋಡಿ ಆಯಮ್ಮ ಏನನ್ನಬಹುದು ಅನ್ನೋ ಕುತೂಹಲವೂ ನನಗೆ ಹತ್ತಿಕೊಂಡಿತು.

ಮೊದಲ ಮೆಚ್ಚುಗೆ

ಅಕ್ಕನಿಗೆ ಹೇಳುವ ಮೊದಲು ಪರೀಕ್ಷೆ ಮಾಡೋಣ ಅಂತ ಗೊಂಬೆಯ ಒಂದು ಫೋಟೋ ಫೋರಂಗೆ ಹಾಕಿದೆ. ನಮ್ಮವರು ಆಫೀಸಿನಿಂದ ಡಿಜಿಟಲ್ ಕ್ಯಾಮೆರಾ ಕೇಳಿ ತಂದಿದ್ದರು. ಮೊದಲು ಬರೆದವರು ಪಲ್ಲಾವರಂನಲ್ಲಿ ಹೋಟೆಲು ಇಟ್ಟಿರುವ ಉಡುಪಿ ಕಡೆಯ ರಾಯರು. "ತುಂಬಾ ಚೆನ್ನಾಗಿದೆ. ಬಣ್ಣವಂತೂ ಭಾರೀ ಲಾಯ್ಕ."

ಅತ್ತೆ ಹಿಗ್ಗಿದರು. "ಯಾವ ಗೊಂಬೆ ಇಷ್ಟ ಆಯ್ತಂತೆ, ಕೇಳು." ನೆಟ್ ಕಟ್ ಮಾಡಿ ರಾಯರಿಗೆ ಫೋನ್ ಮಾಡಿದೆ.

"ಗೊಂಬೆಯಾ? ಗೊಂಬೆ ಇನ್ನೂ ಬರಲಿಲ್ಲ ಮಾರಾಯ್ರೆ," ಅಂದರು ಅವರು. ಆಗೆಲ್ಲ ಫೋಟೋ ಮೇಲಿನಿಂದ ಒಂದೊಂದೇ ಪಟ್ಟಿಯಾಗಿ ಕೆಳಗೆ ತೆರೆದುಕೊಳ್ಳುತ್ತಿತ್ತು. "ಫ್ಯಾನು ಬಂತು, ಟ್ಯೂಬ್‌ಲೈಟು ಬಂತು, ಆಮೇಲೆ ಗೋಡೆ. ಅಷ್ಟರಲ್ಲಿ ಗಿರಾಕಿಗಳು ಬಂದ್ರು."

"ಮತ್ತೆ ಚೆನ್ನಾಗಿದೆ ಅಂತ ಬರೆದಿರಲ್ಲ?"

"ಅಷ್ಟು ಹೊತ್ತು ಕಾದು ಸುಮ್ಮನೆ ಏಳಲಿಕ್ಕೆ ಮನಸ್ಸು ಬರಲಿಲ್ಲ. ಗೋಡೆ ಬಣ್ಣ ನಿಜಕ್ಕೂ ಚಂದ ಉಂಟು. ಯಾವ ಕಂಪೆನಿದು?"

ಚಿಕ್ಕ ಫೋಟೋ

ರಾಯಪುರಂನಲ್ಲಿ ಒಬ್ಬ ಮಾಮಿ ಇದ್ದರು. ಯಜಮಾನರಿಗೆ ಹಾರ್ಬರಿನಲ್ಲಿ ಕೆಲಸ. ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದದ್ದರಿಂದ ಅವರ ಕನ್ನಡಕ್ಕೆ ಅರ್ಧ ತಮಿಳಿನ ಒಗ್ಗರಣೆ. ಅವರದು ರೀಲಿನ ಕ್ಯಾಮೆರಾ. ಪ್ರಿಂಟು ಹಾಕಿಸಿ, ಬ್ರೌಸಿಂಗ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ ಕಳಿಸುತ್ತಿದ್ದರು. ಅವರ ಮೊದಲ ಫೋಟೋಗೇ ಎಲ್ಲರ ಕಂಪ್ಯೂಟರಿಗೂ ಉಸಿರು ಕಟ್ಟಿತು. "ಮಾಮಿ, ದಯವಿಟ್ಟು ಚಿಕ್ಕದು ಮಾಡಿ ಹಾಕಿ," ಅಂತ ಬರೆದೆ.

ಎರಡು ದಿನ ಬಿಟ್ಟು ಇನ್ನೊಂದು ಹಾಕಿದರು. ಅದು ಮೊದಲಿನದಕ್ಕಿಂತ ಭಾರ. ಕಾದೂ ಕಾದೂ ನೋಡಿದರೆ ಪರದೆ ತುಂಬ ಕೃಷ್ಣನ ಮೂಗು ಮಾತ್ರ. ಉಳಿದ ಕೃಷ್ಣನನ್ನು ನೋಡಲು ಪಕ್ಕಕ್ಕೆ ಎಳೆದುಕೊಂಡು ಹೋಗಬೇಕು. ವಿಷಯ ಏನಪ್ಪಾ ಅಂದರೆ, ಮಾಮಿ ಸ್ಟುಡಿಯೋಗೆ ಹೋಗಿ ಪಾಸ್‌ಪೋರ್ಟ್ ಸೈಜಿನ ಪ್ರಿಂಟು ಹಾಕಿಸಿದ್ದಾರೆ. ಅದು ಕಣ್ಣಿಗೆ ಕಾಣಲ್ಲವಲ್ಲ ಅಂತ ಬ್ರೌಸಿಂಗ್ ಸೆಂಟರಿನವನು ಸ್ಕ್ಯಾನ್ ಮಾಡುವಾಗ ಧಾರಾಳವಾಗಿ ಹಿಗ್ಗಿಸಿದ್ದಾನೆ. ನಾನು ಫೋನ್ ಮಾಡಿ ತಗಾದೆ ತೆಗೆದರೆ ಮಾಮಿಗೇ ಕೋಪ.

"ಎನ್ನಮ್ಮಾ ಇದು, ಸ್ಟುಡಿಯೋದವನ ಹತ್ರ ಅಷ್ಟು ಸಂಡೈ, ಜಗಳ ಮಾಡಿ ಚಿಕ್ಕದು ಮಾಡಿಸಿದೀನಿ. ಇನ್ನೂ ಎಷ್ಟು ಚಿಕ್ಕದು ಬೇಕು ನಿನಗೆ? ಪೋಸ್ಟಲ್ ಸ್ಟಾಂಪಾ?"

ಮೆಟ್ಟಿಲು

ಇಷ್ಟೆಲ್ಲ ನೋಡಿದ ನಮ್ಮವರು ಒಂದು ಉಪಾಯ ಹೇಳಿದರು. "ಪೂರ್ತಿ ಗೊಂಬೆ ಒಂದೇ ಫೋಟೋದಲ್ಲಿ ಯಾಕೆ? ಮೆಟ್ಟಿಲಿಗೊಂದು ತೆಗೆದು ಒಂದರ ಕೆಳಗೊಂದು ಹಾಕೋಣ. ಒಂದೊಂದೂ ಹಗುರ." ಬುದ್ಧಿವಂತಿಕೆ ಅಂತ ನಾನೂ ಮೆಚ್ಚಿಕೊಂಡೆ. ಮೇಲಿನ ಮೆಟ್ಟಿಲಿನಲ್ಲಿ ಕೂತ ರಾಜ-ರಾಣಿಯ ಪಟ್ಟದ ಗೊಂಬೆಯಿಂದ ಶುರು ಮಾಡಿ, ಕಟ್ಟಕಡೆಯ ಮೆಟ್ಟಿಲ ದಿನಸಿ ಅಂಗಡಿ ಶೆಟ್ಟರವರೆಗೆ ಸಾಲಾಗಿ ಹಾಕಿ, ಹಾಸನಕ್ಕೆ ನೋಡಿ ಅಂತ ಹೇಳಿದೆವು.

ಫೋನು ಬಂತು. ಅಕ್ಕನ ದನಿ ರಿಸೀವರಿನಾಚೆ ನನಗೂ ಕೇಳುತ್ತಿತ್ತು. "ಏನೇ, ಬುದ್ಧಿಗಿದ್ಧಿ ಇದೆಯೇನೇ ನಿನಗೆ? ರಾಜ-ರಾಣೀನ ನೆಲಕ್ಕೆ ಕೂರಿಸಿ, ಶೆಟ್ಟರನ್ನ ಪಟ್ಟಕ್ಕೇರಿಸಿದೀಯಲ್ಲ."

ಅತ್ತೆ ಓಡಿ ಹೋಗಿ ಗೊಂಬೆ ನೋಡಿದರು. ಎಲ್ಲ ಇದ್ದಲ್ಲೇ ಇದ್ದವು. ಆಮೇಲೆ ಹೊಳೆಯಿತು, ನಮ್ಮ ಫೋರಂನಲ್ಲಿ ಕಡೆಯಲ್ಲಿ ಹಾಕಿದ್ದು ಎಲ್ಲಕ್ಕಿಂತ ಮೇಲೆ ಕಾಣುತ್ತದೆ. ಅತ್ತೆ ಕಣ್ಣಲ್ಲಿ ನೀರು ತುಂಬಿತ್ತು. "ನಮ್ಮನೆ ಗೊಂಬೇನ ತಲೆಕೆಳಗು ಮಾಡೋಕೆ ನಿನ್ನ ಗಂಡ ಇಂಜಿನಿಯರಿಂಗ್ ಓದಬೇಕಿತ್ತಾ?" ಅಂತ ನನ್ನನ್ನು ಕೇಳಿದರು.

ಹಾಸನದಿಂದ ತೀರ್ಪು

ಕಾನೂನು ಮಾಡಿದವಳೇ ಮುರಿಯೋಣ ಅಂತ, ಪೂರ್ತಿ ಗೊಂಬೆಯ ಒಂದು ದೊಡ್ಡ ಫೋಟೋ ಹಾಕಿದೆ. ಹಾಸನದ ಮನೆಯಲ್ಲೂ ಒಂದೇ ಲೈನು. ನೆಟ್ ಇದ್ದರೆ ಫೋನಿಲ್ಲ, ಫೋನ್ ಬೇಕಾದರೆ ನೆಟ್ ಕಟ್. ಅಕ್ಕನಿಗೆ ತಪ್ಪು ಕಂಡ ಮೇಲೆ ಹೇಳದೆ ತಡೆಯೋಕಾಗಲ್ಲ. ಆನೆ ಗೊಂಬೆವರೆಗೆ ಫೋಟೋ ತೆರೆಯಿತು, ನೆಟ್ ಕಟ್, ಫೋನು: "ಆನೆ ಸೊಂಡಿಲ ಮೇಲೆ ಧೂಳು ಕಣೇ." ಮತ್ತೆ ಮೊದಲಿಂದ ಫೋಟೋ, ಮತ್ತೆ ಕಟ್: "ಮೂರನೇ ಮೆಟ್ಟಿಲ ಬಟ್ಟೆ ಸೊಟ್ಟ." ಪೂರ್ತಿ ಸಂಜೆ ಹೀಗೇ ಹೋಯಿತು. ಕಡೆಗೆ, ಪ್ರತಿ ಸಲ ನೆಟ್ ಹಾಕಿಕೊಡುತ್ತಿದ್ದ ಅವರ ಸೊಸೆ, "ದಮ್ಮಯ್ಯ, ಚಿಕ್ಕದು ಕಳಿಸಿ ಅಕ್ಕಾ, ನನಗೆ ಅಡುಗೆ ಮಾಡೋಕೂ ಬಿಡುವಿಲ್ಲ," ಅಂತ ನನ್ನನ್ನು ಬೇಡಿಕೊಂಡಳು.

ಅರ್ಧಕ್ಕೆ ಇಳಿಸಿದೆ. ತಪ್ಪುಗಳೂ ಅರ್ಧಕ್ಕೆ ಇಳಿದವು. ನನಗೆ ಅಲ್ಲೇ ಕಿವಿ ನೆಟ್ಟಗಾಯಿತು. ಇನ್ನಷ್ಟು ಇಳಿಸಿದೆ. ಈ ಸಲ ಅಕ್ಕ ತಪ್ಪು ಹೇಳಲಿಲ್ಲ, ಪ್ರಶ್ನೆ ಕೇಳಿದರು: "ಮೂಲೇಲಿ ನಿಂತಿರೋದು ದಶರಥನೋ, ಪೊಲೀಸಿನವನೋ?"

"ಇನ್ನೂ ಸ್ವಲ್ಪ ಇಳಿಸು," ಅಂದರು ಅತ್ತೆ, ನನ್ನ ಭುಜ ಹಿಡಿದುಕೊಂಡು. ಅರಿಶಿನ ಕುಂಕುಮ ಚೆಲ್ಲಿದ ಹಾಗೆ ಕಾಣುವವರೆಗೆ ಇಳಿಸಿದೆ. ಫೋನು ಬಂತು. ಅತ್ತೆ ಎತ್ತಿಕೊಂಡರು. "ಚೆನ್ನಾಗಿದೆ ಕಣೇ," ಅಂದರು ಅಕ್ಕ. "ಈ ಸಲ ಒಂದು ತಪ್ಪೂ ಕಾಣಲಿಲ್ಲ."

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅವತ್ತು ಕೇರಿಗೆಲ್ಲ ಕಡಲೆಕಾಳು ಉಸಲಿ ಹಂಚಿದೆವು. ನಾನೂ ಎರಡು ಸಲ ಹಾಕಿಸಿಕೊಂಡು ತಿಂದೆ, ಸುಳ್ಳು ಯಾಕೆ ಹೇಳಲಿ.

ಕಾಲು ಕೂಡಿದರೂ ದೂರದ ಪ್ರಯಾಣ ಬೇಡ ಅಂದಿದ್ದರು ಡಾಕ್ಟರು. ಹಾಗಾಗಿ ಪ್ರತಿ ದಸರೆಗೂ ಅದೇ ಅಳತೆಯ ಫೋಟೋ ಹೋಗುತ್ತಿತ್ತು, ಪ್ರತಿ ದಸರೆಗೂ "ಚೆನ್ನಾಗಿದೆ" ಬರುತ್ತಿತ್ತು. ನಾಲ್ಕೈದು ವರ್ಷ ಕಳೆದ ಮೇಲೆ ಒಂದು ದಸರೆಗೆ ಮುಂಚೆ ಅಕ್ಕ ನನಗೇ ಫೋನ್ ಮಾಡಿದರು. "ನಮ್ಮನೇಲಿ ಬ್ರಾಡ್‌ಬ್ಯಾಂಡ್ ಹಾಕ್ಸಿದಾರೆ ಕಣಮ್ಮ. ಎಷ್ಟು ದೊಡ್ಡ ಫೋಟೋ ಆದ್ರೂ ಕಣ್ಣು ಮಿಟುಕಿಸೋದ್ರಲ್ಲಿ ಬರುತ್ತಂತೆ. ಈ ಸಲ ದೊಡ್ಡದೇ ಕಳಿಸು, ಕಣ್ತುಂಬ ನೋಡ್ತೀನಿ."

ನಮ್ಮ ಮನೆಗೆ ಬ್ರಾಡ್‌ಬ್ಯಾಂಡ್ ಬಂದು ಆಗಲೇ ಒಂದು ವರ್ಷ. ರಿಸೀವರಿಗೆ ಕೈ ಅಡ್ಡ ಹಿಡಿದು, ಏನು ಹೇಳಲಿ ಅಂತ ಅತ್ತೆಯನ್ನು ಕೇಳಿದೆ.

ಗೊಂಬೆ ಪೆಟ್ಟಿಗೆ ಬಿಚ್ಚುತ್ತಿದ್ದ ಅತ್ತೆ ತಲೆ ಎತ್ತಲೂ ಇಲ್ಲ. "ಮದ್ರಾಸಿಗೆ ಇನ್ನೂ ಬಂದಿಲ್ಲ ಅನ್ನು."