ಅತ್ತೆಯ ಬೆರಣಿ ಗೋಡೆ

ನಾನು ಬಿಸಿಲಿನಿಂದ ಉರುವಲು ಮಾಡುವ ರಸಾಯನಶಾಸ್ತ್ರಜ್ಞ ಎಂದರೆ ಜನ ಒಮ್ಮೆ ಆಕಾಶ ನೋಡುತ್ತಾರೆ, ಇನ್ನೊಮ್ಮೆ ನನ್ನ ಮುಖ ನೋಡುತ್ತಾರೆ. ಅವರದೇನೂ ತಪ್ಪಿಲ್ಲ. ಎಲೆ ಬಿಸಿಲು ಹೀರಿ, ನೀರು ಒಡೆದು, ತನ್ನ ಆಹಾರ ತಾನೇ ಮಾಡಿಕೊಳ್ಳುತ್ತದೆ. ಅದನ್ನೇ ಗಾಜಿನ ಕೊಳವೆಯಲ್ಲಿ ಮಾಡಿಸಿ, ನೀರಿನಿಂದ ಉರಿಯುವ ಜಲಜನಕ ತೆಗೆಯಬೇಕೆಂದು ಎಂಬತ್ತರ ದಶಕವನ್ನೆಲ್ಲ ನಮ್ಮ ಗಣಿಯೂರಿನ ಮಾರಿಕುಪ್ಪಂ ರೈಲಿನಲ್ಲೂ ಬೆಂಗಳೂರಿನ ಪ್ರಯೋಗಾಲಯದಲ್ಲೂ ಸವೆಸಿದೆ. ಎಲೆ ಮಾತ್ರ ಯಾವ ರೈಲನ್ನೂ ಹಿಡಿಯದೆ ಆ ಕೆಲಸ ಮಾಡುತ್ತಿತ್ತು.

ಪ್ರಯೋಗಾಲಯದ ದೀಪದ ಬೆಳಕಿನಲ್ಲಿ ಕೊಳವೆ ಅಷ್ಟಿಷ್ಟು ಗುಳ್ಳೆ ಬಿಡುತ್ತಿತ್ತು. ನಿಜವಾದ ಬಿಸಿಲಿನಲ್ಲಿ ಏನು ಮಾಡುತ್ತದೋ ನೋಡಬೇಕಿತ್ತು. ಚಿನ್ನದ ಗಣಿಯ ಪಕ್ಕ, ಚಾಂಪಿಯನ್ ರೀಫ್ಸಿನ ನಮ್ಮ ಮನೆಯ ಮುಂದಿಟ್ಟರೆ ಗಣಿಮಣ್ಣಿನ ದಿಬ್ಬದ ದೂಳು ಗಾಜಿನ ಮೇಲೆ ಕೂರುತ್ತದೆ. ಹೆಂಡತಿ ಸರೋಜ ಆಗ ಬಾಣಂತನಕ್ಕೆಂದು ಬೇತಮಂಗಲದ ಪಕ್ಕದ ತವರಿನಲ್ಲಿದ್ದಳು. ಮಗಳನ್ನು ನೋಡಿದ ಹಾಗೂ ಆಯಿತು ಎಂದು ನಾಲ್ಕು ದಿನ ರಜೆ ಹಾಕಿ ಕೊಳವೆಗಳ ಸಮೇತ ಅಲ್ಲಿಗೆ ಹೋದೆ. ಆ ಮನೆಯಲ್ಲಿ ದಿನವಿಡೀ ಬಿಸಿಲು ಬೀಳುವುದು ಹಿತ್ತಲ ಗೋಡೆಯೊಂದಕ್ಕೇ. ಅದು ಅತ್ತೆ ಬೆರಣಿ ತಟ್ಟುವ ಗೋಡೆ. ಅಳಿಯ ಕೇಳಿದನೆಂದು ಮರುಮಾತಿಲ್ಲದೆ ಬಿಟ್ಟುಕೊಟ್ಟು, ಅವರು ಕೊಟ್ಟಿಗೆಯ ನೆರಳಿನ ಗೋಡೆಗೆ ತಟ್ಟತೊಡಗಿದರು.

ನಾಲ್ಕನೆಯ ದಿನ ಕೊಳವೆಯ ತುದಿಯಲ್ಲಿ ಕಡಲೆಕಾಳಿನಷ್ಟು ಜಲಜನಕ ಸೇರಿತು. ನಾನು ಕುಣಿಯುವುದೊಂದು ಬಾಕಿ. ಅಷ್ಟರಲ್ಲಿ ಬಚ್ಚಲಿನಿಂದ ದಟ್ಟ ಹೊಗೆ ಬಂತು. ಒಣಗಿದ ಬೆರಣಿ ಮುಗಿದಿತ್ತು, ನೆರಳಿನವು ಇನ್ನೂ ಹಸಿ. ಹಂಡೆಯ ನೀರು ತಣ್ಣಗೇ ಇತ್ತು. ಸರೋಜ ಮೈಗೆಲ್ಲ ಎಣ್ಣೆ ಹಚ್ಚಿಕೊಂಡು ನಡುಗುತ್ತ ಕೂತಿದ್ದಳು, ಮಗು ಕಿರುಚುತ್ತಿತ್ತು.

"ಅತ್ತೇ, ನೋಡಿ, ಬಿಸಿಲಿಂದ ಮಾಡಿದ ಉರುವಲು!" ಎಂದು, ಹೊತ್ತುಗೊತ್ತಿಲ್ಲದೆ, ಕೊಳವೆ ತೋರಿಸಿದೆ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ಬಗ್ಗಿ ನೋಡಿದರು. "ಇದ್ರಾಗೆ ಅಂಡೆ ಕಾಯ್ತದಾ ಅಳಿಯಂದ್ರೆ?"

"ಇಲ್ಲ."

"ಒಂದ್ ಚೊಂಬು?"

"ಒಂದು ಚಮಚವೂ ಇಲ್ಲ. ಈಗಲೇ ಅಲ್ಲ."

"ಉಲ್ಲು ಬಿಸ್ಲು ಕುಡೀತದೆ, ಅಸ ಉಲ್ಲು ಮೇಯ್ತದೆ, ಅದು ಆಕಿದ್ನ ನಾನು ತಟ್ತೀನಿ. ನೀವು ನಡುವ್ಲಿರೋ ಅಸೂನ ಬಿಟ್ಬುಟ್ರಲ್ಲ, ಅದ್ಕೇ ಸಾಲ್ದು."

"ರೀ, ಪಾಠ ಆಮ್ಯಾಕೆ ಕೇಳ್ರಿ, ನಂಗೆ ಚಳಿ!" ಎಂದು ಬಚ್ಚಲಿನಿಂದ ಸರೋಜ ಕೂಗಿದಳು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಪಕ್ಕದ ಮನೆಗೆ ಓಡಿ, ಒಂದು ಮಂಕರಿ ಬೆರಣಿ ತಲೆಯ ಮೇಲೆ ಹೊತ್ತು ತಂದೆ. ಆಮೇಲೆ ಕೊಳವೆಗಳನ್ನು ಬಿಚ್ಚಿ, ಪಂಚೆ ಎತ್ತಿ ಕಟ್ಟಿ, ಆ ಗೋಡೆಗೆ ನಾನೇ ಬೆರಣಿ ತಟ್ಟಿದೆ. ಮೊದಲ ಮೂರು ಜಾರಿ ನನ್ನ ಕಾಲ ಮೇಲೆಯೇ ಬಿದ್ದವು. ಉಳಿದವು ಮಗಳ ಎರಡು ಸ್ನಾನಕ್ಕಾದವೆಂದು ಸರೋಜ ಕಾಗದ ಬರೆದಳು.

ನನ್ನ ಸಂಶೋಧನಾ ಪ್ರಬಂಧದಲ್ಲಿ ಆ ಕಡಲೆಕಾಳಿನ ಗುಳ್ಳೆಗೆ ಇಪ್ಪತ್ತು ಪುಟವಿದೆ. ಬಿಸಿಲಿನಿಂದ ಹಂಡೆ ನೀರು ಕಾಯುವಷ್ಟು ಉರುವಲು ಮಾಡಿದ್ದೀರಾ ಎಂದು ಯಾರಾದರೂ ಕೇಳಿದರೆ ಈಗಲೂ ಧೈರ್ಯವಾಗಿ ಹೌದೆನ್ನುತ್ತೇನೆ. ಹೇಗೆ ಎಂದು ಮಾತ್ರ, ಸರೋಜ ಎದುರಿಗಿದ್ದರೆ, ವಿವರಿಸಲು ಹೋಗುವುದಿಲ್ಲ.