ಸರ್ವರ್‌ಗೆ ಒಂದು ಲೋಟ ಮಜ್ಜಿಗೆ

ಇಂಟರ್‌ನೆಟ್ಟಿಗೆ ಮಜ್ಜಿಗೆ ಕುಡಿಸಲು ಹೊರಟ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದರೆ ಅವರು ನಮ್ಮ ಸೋದರಮಾವ! ಹರಿಯಬ್ಬೆಯಿಂದ ಬಸ್ಸು ಹತ್ತಿ ದುರ್ಗದ ನಮ್ಮ ಮನೆಗೆ ಬಂದರೆಂದರೆ ನನ್ನ ಅರ್ಧ ಬುದ್ಧಿ ಕಲಸಿಹೋಗುತ್ತದೆ. ಉಳಿದರ್ಧ ಮೊದಲೇ ಅಷ್ಟಕ್ಕಷ್ಟೆ. ಅದನ್ನಾದರೂ ಉಳಿಸಿದ್ದಕ್ಕೆ ದೇವರಿಗೆ ಕೈಮುಗಿಯುತ್ತೇನೆ.

ಒಮ್ಮೆ ನನ್ನ ಮಗಳು, "ತಾತ, ವೆಬ್ ಅಂದ್ರೆ ಜೇಡರ ಬಲೆ. ಪ್ರಪಂಚಾನೆಲ್ಲ ಸುತ್ಕಂಡೈತೆ" ಎಂದಳು. ಮರುದಿನ ನಾನು ಮೂಲೆಯ ಬಲೆಗೆ ಪೊರಕೆ ಎತ್ತಿದರೆ, "ಏ, ತಡಿಯವ್ವ! ಯಾರ್ದಾದ್ರೂ ಲೈನ್ ಕಟ್ಟಾದಾತು!" ಎಂದು ಮಾವ ಅಡ್ಡ ಬಂದರು. ನನಗೂ ಅನುಮಾನ ಬಂದು ಪೊರಕೆ ಇಳಿಸಿದೆ. ಯುಗಾದಿಯವರೆಗೆ ಆ ಜೇಡ ನಮ್ಮನೆಯಲ್ಲಿ ಸುಖವಾಗಿತ್ತು!

ಆ ವರ್ಷ ಮಗಳು ಹತ್ತನೇ ತರಗತಿಯ ಗಣಿತದಲ್ಲಿ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿದ್ದಳು. "ಈ ಸಲಾನೂ ಹೋದ್ರೆ ಓದು ಸಾಕು" ಎಂದು ಅವಳಪ್ಪ ಹೇಳಿಬಿಟ್ಟಿದ್ದರು. ರಿಸಲ್ಟು ಇಂಟರ್‌ನೆಟ್ಟಿನಲ್ಲಿ ಬರುತ್ತದಂತೆ. ಏಕನಾಥೇಶ್ವರಿ ತಾಯಿಗೆ ಹರಕೆ ಹೊತ್ತು, ಬೆಳಗಿನಿಂದ ನೀರೂ ಮುಟ್ಟದ ಮಗಳನ್ನೂ ಮಾವನನ್ನೂ ಕರೆದುಕೊಂಡು ಸೈಬರ್ ಸೆಂಟರಿಗೆ ಹೋದೆ. ಕಾಲಿಡಲು ಜಾಗವಿಲ್ಲ. ಅಂಗಡಿಯಾತ ಬೆವರು ಒರೆಸುತ್ತ, "ಸರ್ವರ್ ಡೌನ್ ಆಗೈತೆ, ಕಾಯ್ರಿ" ಎಂದ. "ದರಿದ್ರ ಸರ್ವರ್!" ಎಂದು ಜನ ಬೈಯತೊಡಗಿದರು.

ಮಾವನ ಮುಖ ಚಿಕ್ಕದಾಯಿತು. ಹರೆಯದಲ್ಲಿ ಅವರು ದುರ್ಗದ ಹೋಟೆಲೊಂದರಲ್ಲಿ ಸರ್ವರ್ ಆಗಿದ್ದವರು. ತೋಳುದ್ದಕ್ಕೂ ದೋಸೆ ತಟ್ಟೆ ಜೋಡಿಸಿಕೊಂಡು ಓಡಾಡಿದವರು. ಸದ್ದಿಲ್ಲದೆ ಹೊರಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದರು.

"ಯಾರಿಗ್ರೀ ಯಜಮಾನ್ರೆ?" ಎಂದ ಅಂಗಡಿಯಾತ.

"ಆ ಸರ್ವರ್‌ಗೆ. ತಲೆ ತಿರುಗಿ ಬಿದ್ದಿರ್ಬೇಕು ಪಾಪ!"

ಅಂಗಡಿಗೆ ಅಂಗಡಿಯೇ ನಕ್ಕಿತು. "ಅದು ಮನುಷ್ಯ ಅಲ್ರೀ, ದೊಡ್ಡ ಕಂಪ್ಯೂಟ್ರು. ಬೆಂಗ್ಳೂರಾಗೈತೆ. ಇಲ್ಲಿ ನಂಬರ್ ಕೊಟ್ರೆ ಫೋನ್ ವೈರಾಗೆ ಅಲ್ಲಿಗೆ ಹೋಗ್ತೈತೆ. ಅದು ಹುಡುಕಿ ಪುಟ ಕಳಿಸ್ತೈತೆ."

"ಅಂದ್ರೆ ಗಿರಾಕಿ ಕೇಳಾದು, ಸರ್ವರ್ ಒಳಗಿಂದ ತರಾದು! ಮತ್ಯಾಕೆ ಬಿತ್ತು?"

"ನಾಡಿನ ಮಕ್ಳೆಲ್ಲ ಒಟ್ಟಿಗೇ ಕೇಳ್ತಾ ಅವೆ."

"ಹಂಗನ್ರಿ ಮತ್ತೆ! ಇಡೀ ನಾಡೇ ಒಂದೇ ಸಲ ಮಸಾಲೆ ದೋಸೆ ಅಂತ ಕೂಗಿದ್ರೆ ಅದೇನ್ಮಾಡ್ಬೇಕು? ಆ ಬಟನ್ ಒತ್ತಿದ್ದೇ ಒತ್ತಬ್ಯಾಡ್ರಿ. ಬೈಬ್ಯಾಡ್ರಿ. ಬೈದ್ರೆ ಕೈ ಇನ್ನೂ ನಡುಗ್ತೈತೆ."

ಯಾಕೋ ಬೈಗುಳ ನಿಂತಿತು, ಅಂಗಡಿಯಾತನೂ ಬಟನ್ನಿನಿಂದ ಕೈ ತೆಗೆದ. ಸ್ವಲ್ಪ ಹೊತ್ತಿಗೆ ಪುಟ ತೆರೆಯಿತು. ಮಾವನ ಮಾತಿಗೋ, ಏಕನಾಥೇಶ್ವರಿಯ ಕೃಪೆಗೋ, ನನಗೆ ಇವತ್ತಿಗೂ ಗೊಂದಲ! ಗಣಿತದಲ್ಲಿ ಪಾಸು! ಮಗಳು ಮಾವನ ಕೈಯಿಂದ ಲೋಟ ಕಿತ್ತು ಗಟಗಟ ಕುಡಿದಳು.

"ಲೇ, ಅದು ಸರ್ವರ್‌ದು ಕಣೆ!" ಎಂದೆ.

"ಬಿಡವ್ವ, ಅದು ಎದ್ದು ಕುಂತೈತೆ" ಎಂದರು ಮಾವ.

ಮನೆಗೆ ಬಂದು ಪಾಯಸ ಮಾಡಿದೆ. ಎಲ್ಲರೂ ಊಟಕ್ಕೆ ಕುಳಿತರು. "ಅಮ್ಮಾ, ನೀರು!" "ಲೇ, ಸಾರು ಎಲ್ಲಿ?" "ಹಪ್ಪಳ ಖಾಲಿ!" ನಾನು ಒಳಗೂ ಹೊರಗೂ ಓಡುತ್ತಿದ್ದೆ. ಅರ್ಧ ಊಟದಲ್ಲಿ ಮಾವ ಎದ್ದು ಕೈತೊಳೆದು ಬಂದು, ನನ್ನ ಕೈಯಿಂದ ಸೌಟು ಇಸಿದುಕೊಂಡರು.

"ನೀ ಕುಂತ್ಕಳವ್ವ. ಈ ಮನೆ ಸರ್ವರ್ ಬಿದ್ರೆ ಎತ್ತೋರ್ಯಾರು?"

ಯಾರೂ ನಗಲಿಲ್ಲ. ಮಾವ ಮೊದಲು ನನ್ನ ತಟ್ಟೆಗೇ ಬಡಿಸಿದರು, ಒಂದು ಹನಿಯೂ ಚೆಲ್ಲಲಿಲ್ಲ.

ಇಂಟರ್‌ನೆಟ್ ನನಗೆ ಇನ್ನೂ ಅರ್ಥವಾಗಿಲ್ಲ. ಆದರೆ ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಾನು ಬಿಸಿ ಅನ್ನ ಉಂಡದ್ದು ಅವತ್ತೇ.